ನೆಲ ಡೊಂಕಾಗಿಯೇ ಇತ್ತು

(ನಮ್ಮ ಕನ್ನಡ ಕಾರ್ಯಕ್ರಮದಲ್ಲಿ ಪ್ರಸಾರವಾದ ಭಾಷಣದ ಬರಹರೂಪ)

ಮಿರಗದ ಮಳೆ ಹತ್ತಿರ ಬಂತು. ಯಾದಗಿರಿ, ಕಲಬುರಗಿ, ವಿಜಯಪುರ, ಬಾಗಲಕೋಟೆ ಕಡೆಯಿಂದ ಮುಂಬಯಿಗೆ ಕಟ್ಟಡ ಕೆಲಸಕ್ಕೆ ಬಂದವರಲ್ಲಿ ಹೊಲ ಇದ್ದವರು ಬಿತ್ತನೆಗೆಂದು ಊರಿನ ರೈಲು ಹತ್ತುವ ದಿನಗಳಿವು. ಹೊಲ ಇಲ್ಲದವರು, ಇದ್ದರೂ ಸಾಲದ ಭಾರ ಹೊತ್ತವರು ಇಲ್ಲೇ ಉಳಿಯುತ್ತಾರೆ. ನೀಲಿ ತಾಡಪತ್ರಿ ಕಟ್ಟಿಕೊಂಡು ಮಳೆಯಲ್ಲೂ ಕೆಲಸ ನಡೆಸುತ್ತಾರೆ. ಇವತ್ತಿನ ನನ್ನ ಮಾತು ಅವರಿಗಾಗಿ. ಅವರು ಕಟ್ಟಿದ ಮನೆಗಳಲ್ಲಿ ಕುಳಿತು ರೇಡಿಯೊ ಕೇಳುವ ನಮ್ಮಂಥವರಿಗಾಗಿಯೂ ಹೌದು.

ವಿಷಯ ಬಹಳ ಸಣ್ಣದು ಎನ್ನಿಸಬಹುದು. ಬಯಲಿನ ಕೆಲಸದ ಜಾಗದಲ್ಲಿ ಕಾಲು ಜಾರುವುದು, ಎಡವುವುದು, ಬೀಳುವುದು. ಹದಿನೆಂಟನೇ ಮಹಡಿಯಿಂದ ಯಾರಾದರೂ ಬಿದ್ದರೆ ಪತ್ರಿಕೆಯಲ್ಲಿ ಸುದ್ದಿಯಾಗುತ್ತದೆ. ಮೂರು ಅಡಿ ಎತ್ತರದಿಂದ ಬಿದ್ದರೆ ಪಕ್ಕದಲ್ಲಿದ್ದವರು ನಗುತ್ತಾರೆ, ಬಿದ್ದವನೂ ನಕ್ಕು ಮೇಲೇಳುತ್ತಾನೆ. ನಾನು ಹೇಳಹೊರಟಿರುವುದು ಈ ಮೂರು ಅಡಿಯ ವಿಚಾರ.

ನಾನು ಕನ್ನಡ ಬಿ.ಎ. ಓದಿದವನು. ಗಾದೆಗಳ ಪಾಠ ಮಾಡುವಾಗ ನಮ್ಮ ಮೇಷ್ಟ್ರು "ಕುಣಿಯಲಾರದವಳು ನೆಲ ಡೊಂಕು ಎಂದಳು" ಎಂಬ ಮಾತಿಗೆ ಅಭಿನಯವನ್ನೂ ಸೇರಿಸಿ ಇಡೀ ತರಗತಿಯನ್ನು ನಗಿಸುತ್ತಿದ್ದರು. ಗಾದೆಯ ಅರ್ಥ ನಿಮಗೆ ಗೊತ್ತೇ ಇದೆ. ತಪ್ಪು ತನ್ನದಾಗಿದ್ದರೂ ದೂರುವುದು ನೆಲವನ್ನು. ಆದರೆ ಕಟ್ಟಡದ ಕೆಲಸಕ್ಕೆ ಹೋದ ನಮ್ಮ ಜನ ಈ ಗಾದೆಯನ್ನು ತಿರುಗಿಸಿ ಬಾಳುತ್ತಾರೆ ಎಂದು ನನಗೆ ತಿಳಿದದ್ದು ಆಮೇಲೆ. ನೆಲ ನಿಜವಾಗಿಯೂ ಡೊಂಕಾಗಿರುತ್ತದೆ, ಹಸಿಯಾಗಿರುತ್ತದೆ, ಎಣ್ಣೆ ಬಿದ್ದಿರುತ್ತದೆ. ಅವರು ಮಾತ್ರ ತಮ್ಮ ಕಾಲನ್ನೇ ದೂರುತ್ತಾರೆ.

ನನ್ನ ಸೋದರಮಾವ ಗೌಂಡಿ. ಸುರಪುರ ತಾಲೂಕಿನ ನಮ್ಮ ಊರಿನಿಂದ ಉದ್ಯಾನ್ ಎಕ್ಸ್‌ಪ್ರೆಸ್ಸಿನ ಜನರಲ್ ಬೋಗಿಯಲ್ಲಿ ಬಂದು, ಠಾಣೆ ಕಡೆ ಒಂದು ಹೊಸ ಕಟ್ಟಡದ ಕಾಂಪೌಂಡ್ ಗೋಡೆಗೆ ಗಿಲಾವು ಮಾಡುತ್ತಿದ್ದರು. 2011ರ ಜುಲೈ ತಿಂಗಳು. ಗೋಡೆ ಆಳೆತ್ತರದ್ದು, ಅದಕ್ಕೆ ಸಾರುವೆ ಕಟ್ಟುವುದೇಕೆ ಎಂದು ಎರಡು ಖಾಲಿ ಡ್ರಮ್ಮುಗಳ ಮೇಲೆ ಸೆಂಟ್ರಿಂಗಿನ ಹಳೆಯ ಹಲಗೆ ಒಂದನ್ನು ಅಡ್ಡ ಇಟ್ಟಿದ್ದರು. ಸಾರುವೆ ಎಂದರೆ ಮುಂಬಯಿಯವರು ಪರಾಂಚಿ ಎನ್ನುತ್ತಾರಲ್ಲ, ಅದು. ಹಲಗೆ ನೆಲದಿಂದ ಮೂರು ಅಡಿ ಇದ್ದೀತು. ರಾತ್ರಿಯಿಡೀ ಮಳೆ ಸುರಿದಿತ್ತು. ಹಲಗೆಗೆ ಮೊದಲೇ ಸೆಂಟ್ರಿಂಗ್ ಎಣ್ಣೆ ಕುಡಿಸಿತ್ತು, ಅದರ ಮೇಲೆ ಬೆಳಗಿನಿಂದ ತೆಳ್ಳಗೆ ಸಿಮೆಂಟಿನ ರಾಡಿ ಬೀಳುತ್ತಿತ್ತು. ಮಾವನ ಕಾಲಲ್ಲಿ ತಳ ಸವೆದ ಹವಾಯಿ ಚಪ್ಪಲಿ. ಹತ್ತು ಗಂಟೆಯ ಸುಮಾರಿಗೆ ಹಿಂದಕ್ಕೆ ಬಿದ್ದರು. ತಲೆಯ ಬದಿ ಒಂದು ಕಲ್ಲಿಗೆ ತಗುಲಿತು.

ಎದ್ದರು. ಪ್ಯಾಂಟು ಕೊಡವಿಕೊಂಡರು. ಮುಕಾದಮ, ಅವನೂ ನಮ್ಮ ಕಡೆಯವನೇ, "ನೋಡಿ ಕಾಲಿಡಬೇಕಪ್ಪ ಗೌಂಡಿ" ಅಂದ. ಮಾವ "ಏನಾಗಿಲ್ರಿ, ಕಾಲ್ ಜಾರ್ತು ಅಷ್ಟ" ಅಂದರು. ಚಹಾ ಕುಡಿದು ಮತ್ತೆ ಕರಣೆ ಹಿಡಿದರು.

ಇಲ್ಲಿ ಕಥೆ ನಿಲ್ಲಿಸಿ ಎರಡು ಮಾತು ಹೇಳುತ್ತೇನೆ. ಜಾರುವುದು ಬೇರೆ, ಎಡವುವುದು ಬೇರೆ. ನಡೆಯುವಾಗ ಮುಂದಿನ ಹೆಜ್ಜೆಯ ಹಿಮ್ಮಡಿ ನೆಲ ಮುಟ್ಟುವ ಗಳಿಗೆಯಲ್ಲಿ ಹಿಡಿತ ಸಿಗದಿದ್ದರೆ ಪಾದ ಮುಂದಕ್ಕೆ ಓಡುತ್ತದೆ, ಮೈ ಹಿಂದಕ್ಕೆ ಬೀಳುತ್ತದೆ. ಆದ್ದರಿಂದ ಜಾರಿದವರಿಗೆ ಪೆಟ್ಟಾಗುವುದು ಹೆಚ್ಚಾಗಿ ಹಿಂದಲೆ, ಸೊಂಟ, ಊರಿದ ಮಣಿಕಟ್ಟಿಗೆ. ಎಡವಿದವನು ಮುಂದಕ್ಕೆ ಬೀಳುತ್ತಾನೆ. ಸಮ ನೆಲದಲ್ಲಿ ಹೆಜ್ಜೆ ಬೀಸುವಾಗ ನಮ್ಮ ಕಾಲಿನ ತುದಿ ನೆಲದಿಂದ ಒಂದೆರಡು ಸೆಂಟಿಮೀಟರ್ ಮಾತ್ರ ಮೇಲಿರುತ್ತದೆ. ಬಿದ್ದಿರುವ ಒಂದು ಬೈಂಡಿಂಗ್ ವೈರಿನ ತುಂಡು, ಎಳೆದುಬಿಟ್ಟ ಒಂದು ನೀರಿನ ಪೈಪು, ತುದಿ ಎದ್ದ ಒಂದು ಪ್ಲೈವುಡ್ಡು, ಇಷ್ಟೇ ಸಾಕು. ಮುಂದೆ ಬರಿಯ ಮಣ್ಣಿದ್ದರೆ ಮಂಡಿ ತರಚೀತು. ಕಂಬಕ್ಕೆಂದು ಬಿಟ್ಟ ಸರಳುಗಳು ಮುಖ ಮೇಲೆ ಮಾಡಿ ನಿಂತಿದ್ದರೆ? ಆ ಸರಳುಗಳ ತುದಿಗೆ ಪ್ಲಾಸ್ಟಿಕ್ಕಿನ ಟೋಪಿ ಹಾಕುತ್ತಾರೆ, ಕೆಲವು ಜಾಗಗಳಲ್ಲಿ ನೀವೂ ನೋಡಿರಬಹುದು. ಅದು ಅಲಂಕಾರಕ್ಕೆಂದು ನಾನೂ ಒಂದು ಕಾಲದಲ್ಲಿ ತಿಳಿದಿದ್ದೆ.

ಇನ್ನು ಭಾರ ಹೊತ್ತವರ ಪಾಡು. ಐವತ್ತು ಕಿಲೋ ಸಿಮೆಂಟಿನ ಚೀಲ ಹೆಗಲ ಮೇಲಿದ್ದರೆ ಕತ್ತು ಒಂದು ಬದಿಗೆ ತಿರುಗುವುದಿಲ್ಲ. ಕಾಂಕ್ರೀಟು ತುಂಬಿದ ಘಮೇಲಾ ತಲೆಯ ಮೇಲೆ ಹೊತ್ತ ಹೆಣ್ಣುಮಗಳಿಗೆ ತನ್ನ ಪಾದ ಕಾಣುವುದಿಲ್ಲ, ಜೊತೆಗೆ ಸೀರೆಯ ನೆರಿಗೆ. ಅವಳಿಗೆ "ನೋಡಿ ಕಾಲಿಡು" ಎಂದು ಹೇಳುವುದರಲ್ಲಿ ಏನು ಅರ್ಥವಿದೆ ಎಂದು ನಾನು ಕೇಳುತ್ತೇನೆ. ಅವಳು ನೋಡಲಾರಳು. ಅವಳು ನಡೆಯುವ ದಾರಿಯನ್ನು ಕಣ್ಣಿದ್ದ ಬೇರೆಯವರು ಬೆಳಿಗ್ಗೆಯೇ ನೋಡಿರಬೇಕು.

ಮುಂಬಯಿಯ ಮಳೆಗಾಲದಲ್ಲಿ ಇದೆಲ್ಲ ಇಮ್ಮಡಿಯಾಗುತ್ತದೆ. ಹಸಿ ಕಾಂಕ್ರೀಟಿನ ಮೇಲೆ ಹದಿನೈದು ದಿನದಲ್ಲಿ ಪಾಚಿ ಹಿಡಿಯುತ್ತದೆ, ಅದು ಹಸಿರಾಗಿ ಕಾಣುವ ಮೊದಲೇ ಜಾರಲು ಶುರುವಾಗಿರುತ್ತದೆ. ಕೆಸರು ಗುಂಡಿಯ ಬಾಯಿ ಮುಚ್ಚುತ್ತದೆ. ಪೈಪಿಗೆಂದು ಅಗೆದ ಕಂದಕ ನೀರು ತುಂಬಿ ರಸ್ತೆಯಂತೆಯೇ ಕಾಣುತ್ತದೆ. ಬಾಯಿ ಮುಚ್ಚಲು ಇಟ್ಟ ಪ್ಲೈವುಡ್ಡು ನೆನೆದು ಮೆತ್ತಗಾಗಿ, ನಿಂತವನ ಭಾರಕ್ಕೆ ಮುರಿಯುತ್ತದೆ. ಇದಕ್ಕೆಲ್ಲ ದೊಡ್ಡ ವಿದ್ಯೆ ಬೇಕಿಲ್ಲ. ಬೆಳಿಗ್ಗೆ ಕೆಲಸ ಶುರುವಾಗುವ ಮೊದಲು ಒಬ್ಬನಿಗೆ ಅರ್ಧ ಗಂಟೆಯ ಕೂಲಿ ಕೊಟ್ಟು, ಓಡಾಡುವ ದಾರಿ ಗುಡಿಸಿಸಿ, ರಾಡಿಯ ಮೇಲೆ ಒರಟು ಮರಳು ಚೆಲ್ಲಿಸಿ, ತೆರೆದ ಗುಂಡಿಗೆ ಬೇಲಿ ಕಟ್ಟಿಸಿದರೆ ಆಯಿತು. ಈ ಅರ್ಧ ಗಂಟೆಯ ಕೂಲಿ ಉಳಿಸುವವರನ್ನು ನಾನು ಬಹಳ ನೋಡಿದ್ದೇನೆ. ಉಳಿದ ದುಡ್ಡು ಎಲ್ಲಿಗೆ ಹೋಯಿತು ಎಂಬುದನ್ನು ನೋಡಿಲ್ಲ.

ಏಣಿಯ ಬಗ್ಗೆ ಒಂದೇ ಮಾತು. ನಾಲ್ಕು ಅಡಿ ಎತ್ತರಕ್ಕೆ ಒಂದು ಅಡಿ ಬುಡ ಹೊರಗಿರಲಿ, ಹತ್ತಿ ಇಳಿಯುವ ಜಾಗಕ್ಕಿಂತ ಮೂರು ಅಡಿ ಮೇಲೆ ಏಣಿ ಚಾಚಿರಲಿ, ತಲೆ ಕಟ್ಟಿರಲಿ. ಬುಡಕ್ಕೆ ಇಟ್ಟಿಗೆ ಕೊಟ್ಟು ನಿಲ್ಲಿಸಿದ ಏಣಿಯನ್ನು ಹತ್ತಬೇಡಿ.

ಮಾವನ ಕಡೆಗೆ ಬರುತ್ತೇನೆ. ಮಧ್ಯಾಹ್ನ ಅರ್ಧ ರೊಟ್ಟಿ ತಿಂದು ಬಿಟ್ಟರಂತೆ. ನಾಲ್ಕು ಗಂಟೆಗೆ ತಲೆನೋವು. ಸಂಜೆ ಕೋಣೆಗೆ ಬಂದು ವಾಂತಿ ಮಾಡಿಕೊಂಡರು. ಜೊತೆಯವರು ಪಿತ್ತ ಎಂದು ನಿಂಬೆಹುಳಿ ನೀರು ಕೊಟ್ಟು ಮಲಗಿಸಿದರು. ಪಾಪ, ಅವರದೇನೂ ತಪ್ಪಿಲ್ಲ, ದಣಿದವನು ನಿದ್ದೆ ಮಾಡಲಿ ಎಂದುಕೊಂಡರು. ರಾತ್ರಿ ಹನ್ನೊಂದಕ್ಕೆ ನಮ್ಮೂರಿನ ಒಬ್ಬ ಹುಡುಗ ಎಬ್ಬಿಸಿದರೆ ಏಳಲಿಲ್ಲ. ಮಾತು ತೊದಲುತ್ತಿತ್ತು.

ಡಾಕ್ಟರರು ಆಮೇಲೆ ನನಗೆ ವಿವರಿಸಿದರು. ತಲೆಬುರುಡೆಗೂ ಮೆದುಳಿನ ಹೊದಿಕೆಗೂ ನಡುವೆ ರಕ್ತನಾಳವೊಂದು ಹರಿದು ರಕ್ತ ಕಟ್ಟಿಕೊಳ್ಳುತ್ತದೆ, ಅದಕ್ಕೆ ಎಕ್ಸ್‌ಟ್ರಾಡ್ಯೂರಲ್ ಹೆಮಟೋಮಾ ಎಂದು ಹೆಸರು. ಇದರ ಮೋಸವೇನೆಂದರೆ, ಬಿದ್ದ ಮೇಲೆ ಕೆಲವು ಗಂಟೆ ಮನುಷ್ಯ ಚೆನ್ನಾಗಿಯೇ ಇರಬಹುದು. ಮಾತಾಡುತ್ತಾನೆ, ಚಹಾ ಕುಡಿಯುತ್ತಾನೆ, ಗಿಲಾವು ಮಾಡುತ್ತಾನೆ. ಒಳಗೆ ಒತ್ತಡ ಏರುತ್ತಿರುತ್ತದೆ. ಸಮಯಕ್ಕೆ ಸರಿಯಾಗಿ ಶಸ್ತ್ರಚಿಕಿತ್ಸೆ ಆದರೆ ಬದುಕುತ್ತಾನೆ. ತಡವಾದರೆ ಇಲ್ಲ.

ಆದ್ದರಿಂದ ಕೇಳುಗರೇ, ಇದೊಂದನ್ನು ದಯವಿಟ್ಟು ನೆನಪಿಡಿ. ತಲೆಗೆ ಪೆಟ್ಟಾದವನು ಎಷ್ಟೇ "ಏನಿಲ್ಲ" ಎಂದರೂ ಒಂದು ದಿನ, ಒಂದು ರಾತ್ರಿ ಅವನ ಜೊತೆ ಯಾರಾದರೂ ಇರಬೇಕು. ಮತ್ತೆ ಮತ್ತೆ ವಾಂತಿ, ಏರುತ್ತಾ ಹೋಗುವ ತಲೆನೋವು, ಮಂಪರು, ತೊದಲು, ಗೊಂದಲದ ಮಾತು, ಒಂದು ಕೈಯೋ ಕಾಲೋ ಸೋತಂತಾಗುವುದು, ಒಂದು ಕಣ್ಣಿನ ಪಾಪೆ ಇನ್ನೊಂದಕ್ಕಿಂತ ದೊಡ್ಡದಾಗಿ ಕಾಣುವುದು, ಕಿವಿ ಮೂಗಿನಿಂದ ರಕ್ತ ಅಥವಾ ನೀರಿನಂಥ ದ್ರವ ಬರುವುದು, ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಎಂದು ಕಾಯಬಾರದು. ಸಿ.ಟಿ. ಸ್ಕ್ಯಾನ್ ಇರುವ ಆಸ್ಪತ್ರೆಗೇ ಹೋಗಬೇಕು. 108ಕ್ಕೆ ಫೋನ್ ಮಾಡಿ. ಮದ್ಯ ಕುಡಿಸಬೇಡಿ. ಸಿಕ್ಕಿದ ನೋವಿನ ಗುಳಿಗೆ ಕೊಡಬೇಡಿ, ಕೆಲವು ಗುಳಿಗೆಗಳು ರಕ್ತಸ್ರಾವ ಹೆಚ್ಚಿಸುತ್ತವೆ. ಇನ್ನು ಬಿದ್ದವನು ಕತ್ತು ಅಥವಾ ಬೆನ್ನು ನೋವು ಎಂದರೆ, ಕೈಕಾಲು ಜೋಮು ಎಂದರೆ, ಇಬ್ಬರು ತೋಳು ಕಾಲು ಹಿಡಿದು ಎತ್ತಿ ರಿಕ್ಷಾದಲ್ಲಿ ಮಡಚಿ ಕೂರಿಸುತ್ತಾರಲ್ಲ, ಅದನ್ನು ಮಾತ್ರ ಮಾಡಬೇಡಿ. ಬಿದ್ದಲ್ಲೇ ಅಲುಗಾಡದಂತೆ ಇರಲಿ, ಆಂಬುಲೆನ್ಸಿನವರು ಬಂದು ಎತ್ತಲಿ.

ಮಾವ ಬದುಕಿದರು. ಬೆಳಗಿನ ಜಾವ ಒಂದು ಸಾರ್ವಜನಿಕ ಆಸ್ಪತ್ರೆಯಲ್ಲಿ ತಲೆ ತೆರೆದು ರಕ್ತ ತೆಗೆದರು. ಎಡಗೈಯ ಹಿಡಿತ ಮಾತ್ರ ಹಿಂತಿರುಗಲಿಲ್ಲ. ಗೌಂಡಿಗೆ ಎಡಗೈ ಏಕೆ, ಕರಣೆ ಬಲಗೈಯಲ್ಲಿರುತ್ತದಲ್ಲ ಎಂದು ಒಬ್ಬರು ನನ್ನನ್ನು ಕೇಳಿದ್ದುಂಟು. ಗಾರೆಯ ತಟ್ಟೆ ಹಿಡಿಯುವುದು ಎಡಗೈಯಲ್ಲಿ.

ಆಗ ನಾನು ಬಿ.ಎ. ಕೊನೆಯ ವರ್ಷದಲ್ಲಿದ್ದೆ. ಅತ್ತೆಯನ್ನು ಕರೆದುಕೊಂಡು ಮುಂಬಯಿಗೆ ಬಂದೆ, ನಾನು ಈ ಊರು ನೋಡಿದ್ದೇ ಹಾಗೆ. ಮೂರು ವಾರ ಆಸ್ಪತ್ರೆಯ ವರಾಂಡದಲ್ಲಿ ಮಲಗಿದೆವು. ಬಿಡುಗಡೆಯ ದಿನ ಕಾಗದಗಳನ್ನು ನನ್ನ ಕೈಗೆ ಕೊಟ್ಟರು. ಮೊದಲ ಹಾಳೆಯಲ್ಲಿ ಇಂಗ್ಲಿಷಿನಲ್ಲಿ ಬರೆದಿತ್ತು, ಕೋಣೆಯಲ್ಲಿ ಕಾಲು ಜಾರಿ ಬಿದ್ದು ಗಾಯ ಎಂದು. ಆ ರಾತ್ರಿ ಸುದ್ದಿ ತಿಳಿದು ಆಸ್ಪತ್ರೆಗೆ ಓಡಿಬಂದು, ಡಾಕ್ಟರರ ಪ್ರಶ್ನೆಗೆ ಹಿಂದಿಯಲ್ಲಿ ಉತ್ತರ ಕೊಟ್ಟವನು ಮುಕಾದಮ. ಜೊತೆಗಿದ್ದ ಹುಡುಗನಿಗೆ ಕನ್ನಡ ಬಿಟ್ಟರೆ ಬೇರೆ ಬರುತ್ತಿರಲಿಲ್ಲ, ಮಾವನಿಗೆ ಪ್ರಜ್ಞೆಯೇ ಇರಲಿಲ್ಲ. ನಾನು ಆ ಸಾಲು ಓದಿದೆ. ಅದು ಸುಳ್ಳೆಂದು ನನಗೆ ಗೊತ್ತಿತ್ತು. ಓದಿ ಮಡಚಿ ಚೀಲದಲ್ಲಿಟ್ಟುಕೊಂಡೆ. ಮುಕಾದಮ ಐದು ಸಾವಿರ ರೂಪಾಯಿ ಮತ್ತು ರೈಲಿನ ಟಿಕೆಟು ಕೊಟ್ಟ, ಅತ್ತೆ ಅವನಿಗೆ ಕೈ ಮುಗಿದಳು.

ಆಮೇಲೆ ಈ ಉದ್ಯೋಗಕ್ಕೆ ಬಂದೆ. ಒಮ್ಮೆ ಮೇ ಒಂದರ ಕಾರ್ಯಕ್ರಮಕ್ಕೆ ಒಬ್ಬ ವಕೀಲರ ಮಾತನ್ನು ಧ್ವನಿಮುದ್ರಿಸಿಕೊಳ್ಳುತ್ತಿದ್ದಾಗ ಅವರು ಹೇಳಿದ ಒಂದು ವಿಷಯ ಕೇಳಿ ನಾನು ಯಂತ್ರ ನಿಲ್ಲಿಸುವುದನ್ನೇ ಮರೆತೆ. 1923ರಿಂದಲೂ ನಮ್ಮ ದೇಶದಲ್ಲಿ ಕಾರ್ಮಿಕರ ಪರಿಹಾರದ ಕಾನೂನು ಇದೆ. ಕೆಲಸದಿಂದಾಗಿ, ಕೆಲಸ ಮಾಡುತ್ತಿದ್ದಾಗ ಗಾಯವಾದರೆ ಪರಿಹಾರ ಕೊಡಬೇಕು. ಮಾಲೀಕನ ತಪ್ಪನ್ನು ಸಾಬೀತು ಮಾಡಬೇಕಾಗಿಲ್ಲ. ಬಿದ್ದವನು ಅಜಾಗರೂಕನಾಗಿದ್ದ, ಕಾಲು ಜಾರಿದ, ನೋಡಿ ಕಾಲಿಡಲಿಲ್ಲ ಎಂಬುದು ಪರಿಹಾರ ತಪ್ಪಿಸಲು ನೆಪವಾಗುವುದಿಲ್ಲ. ಕುಡಿದಿದ್ದರೆ, ಅಥವಾ ಸುರಕ್ಷತೆಯ ನಿಯಮವನ್ನು ಬೇಕೆಂದೇ ಮೀರಿದ್ದರೆ, ಕೊಟ್ಟ ಸಾಧನವನ್ನು ಬೇಕೆಂದೇ ಕಿತ್ತು ಹಾಕಿದ್ದರೆ ಆ ಮಾತು ಬೇರೆ. ಅಲ್ಲಿಯೂ, ಸಾವು ಅಥವಾ ಶಾಶ್ವತವಾದ ಪೂರ್ಣ ಅಂಗವೈಕಲ್ಯ ಆಗಿದ್ದರೆ ಆ ನೆಪವೂ ನಡೆಯುವುದಿಲ್ಲ. ನಮ್ಮ ಮಾವ "ಕಾಲ್ ಜಾರ್ತು ಅಷ್ಟ" ಎಂದು ತಪ್ಪನ್ನು ಮೈಮೇಲೆ ಎಳೆದುಕೊಂಡದ್ದಕ್ಕೆ ಕಾನೂನಿನಲ್ಲಿ ಕಾಸಿನ ಬೆಲೆ ಇರಲಿಲ್ಲ. ಬೆಲೆ ಇದ್ದದ್ದು "ಕೋಣೆಯಲ್ಲಿ" ಎಂಬ ಆ ಒಂದು ಪದಕ್ಕೆ.

ಇನ್ನೊಂದು ವಿಷಯ. ಮುಂಬಯಿಯಲ್ಲಿ ಬಿದ್ದವನು ಅರ್ಜಿ ಹಾಕಲು ಮುಂಬಯಿಯಲ್ಲೇ ಕೂರಬೇಕಾಗಿಲ್ಲ. ಅವನು, ಅಥವಾ ಅವನು ತೀರಿಕೊಂಡಿದ್ದರೆ ಅವನ ಹೆಂಡತಿ ಮಕ್ಕಳು, ವಾಸವಾಗಿರುವ ಕಡೆಯ ಅಧಿಕಾರಿಯ ಮುಂದೆಯೇ ಹಾಕಬಹುದು. ಇದು ಗೊತ್ತಾದಾಗ ನನಗೆ ನಮ್ಮ ಅತ್ತೆ ಕೈ ಮುಗಿದದ್ದು ಕಣ್ಣ ಮುಂದೆ ಬಂತು. ಆಗಿನ ಕಾಯ್ದೆಯ ಪ್ರಕಾರ ಎರಡು ವರ್ಷದೊಳಗೆ ಅರ್ಜಿ ಹಾಕಬೇಕಿತ್ತು, ತಡವಾದರೆ ತಕ್ಕ ಕಾರಣ ತೋರಿಸಬೇಕಿತ್ತು. ನಮಗೆ ಎರಡು ವರ್ಷ ಎಂದೋ ಕಳೆದಿತ್ತು. ಸಾಕ್ಷಿಗಳು ಊರೂರಿಗೆ ಚದುರಿದ್ದರು. ಕಾಗದ ಕೋಣೆ ಎನ್ನುತ್ತಿತ್ತು.

ಈಗ ಕಾನೂನಿನ ಹೆಸರು ಬದಲಾಗಿದೆ. 2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಇವತ್ತಿನ ವಿಷಯಕ್ಕೆ ಜಾರಿ ಎಂಬ ಪದ ಬೇಡವಾಗಿತ್ತು, ಇರಲಿ. ಪರಿಹಾರದ ವಿಷಯ ಈಗ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿದೆ, ಕಟ್ಟಡ ಕಾರ್ಮಿಕರ ಸುರಕ್ಷತೆಯ ವಿಷಯ ಔದ್ಯೋಗಿಕ ಸುರಕ್ಷತೆಯ ಸಂಹಿತೆಯಲ್ಲಿದೆ. ತಪ್ಪು ಯಾರದೆಂದು ಕೇಳದೆ ಪರಿಹಾರ ಕೊಡುವ ಮೂಲ ತತ್ವ ಹಾಗೆಯೇ ಉಳಿದಿದೆ. ಗುತ್ತಿಗೆದಾರನ ಕೈಕೆಳಗೆ ಕೆಲಸ ಮಾಡಿದವನು ಪರಿಹಾರವನ್ನು ಆ ಕೆಲಸ ಮಾಡಿಸಿದ ಮುಖ್ಯ ಮಾಲೀಕನಿಂದಲೇ ಕೇಳಬಹುದು, ಮುಕಾದಮ ಫೋನ್ ತೆಗೆಯದಿದ್ದರೆ ಆಕಾಶ ಕಳಚಿ ಬೀಳುವುದಿಲ್ಲ. ಗಾಯದಿಂದ ಸ್ವಲ್ಪ ಕಾಲ ಕೆಲಸಕ್ಕೆ ಹೋಗಲಾಗದಿದ್ದರೆ ಅರ್ಧ ತಿಂಗಳಿಗೊಮ್ಮೆ ತಿಂಗಳ ಕೂಲಿಯ ಕಾಲು ಭಾಗ ಕೊಡಬೇಕೆಂದಿದೆ. ಕೆಲಸಕ್ಕೆ ಸೇರಿದವನಿಗೆ ನೇಮಕದ ಪತ್ರ ಕೊಡಬೇಕೆಂದಿದೆ. ಸುರಕ್ಷತೆಗೆಂದು ಕೊಡುವ ಬೂಟು, ಹೆಲ್ಮೆಟ್ಟು, ಬೆಲ್ಟುಗಳಿಗೆ ಕೂಲಿಯಿಂದ ದುಡ್ಡು ಹಿಡಿಯುವಂತಿಲ್ಲ. ಬೂಟಿನ ದುಡ್ಡು ಹಿಡಿಯುತ್ತಾರೆಂದು ಹವಾಯಿ ಚಪ್ಪಲಿಯಲ್ಲೇ ಇರುವವರು ಇದನ್ನು ಕೇಳಿಸಿಕೊಳ್ಳಲಿ.

ಮತ್ತೊಂದು ಕುತೂಹಲದ ನಿಯಮವಿದೆ. ಗಾಯಗೊಂಡವನು 48 ಗಂಟೆ ಅಥವಾ ಹೆಚ್ಚು ಕಾಲ ಕೆಲಸ ಮಾಡಲಾಗದಿದ್ದರೆ ಆ ಅಪಘಾತವನ್ನು ಅಧಿಕಾರಿಗಳಿಗೆ ವರದಿ ಮಾಡಬೇಕು. ಇದನ್ನು ಓದಿದ ಮೇಲೆ ನನಗೆ ಒಂದು ಹಳೆಯ ಒಗಟು ಬಿಡಿಸಿತು. ಕಾಲು ಉಳುಕಿದವನನ್ನು ಮರುದಿನವೇ "ಬಾರಪ್ಪ, ಸುಮ್ಮನೆ ಕೂತಿರು, ಹಾಜರಿ ಹಾಕ್ತೀನಿ" ಎಂದು ಕೆಲವರು ಇಷ್ಟು ಪ್ರೀತಿಯಿಂದ ಕರೆಯುವುದೇಕೆ ಎಂಬ ಒಗಟು. ಎಲ್ಲರೂ ಹಾಗಲ್ಲ, ನಿಜವಾದ ಕರುಣೆಯಿಂದ ಕರೆಯುವ ಮೇಸ್ತ್ರಿಗಳೂ ಇದ್ದಾರೆ. ಹಾಜರಿ ಪುಸ್ತಕದಲ್ಲಿ ಇಬ್ಬರದೂ ಒಂದೇ ಗುರುತು.

ಹದಿನೆಂಟರಿಂದ ಅರವತ್ತು ವಯಸ್ಸಿನೊಳಗಿದ್ದು, ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದವರು ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬಹುದು. ಇದು ಬಿದ್ದ ಮೇಲೆ ಮಾಡುವ ಕೆಲಸವಲ್ಲ, ಮೊದಲೇ ಮಾಡಿಸಿಡಿ.

ಈಗ ನಾಕಾದಲ್ಲಿ ನಿಲ್ಲುವವರಿಗಲ್ಲದೆ, ಈ ಕಾರ್ಯಕ್ರಮ ಕೇಳುವ ಬ್ಯಾಂಕಿನವರಿಗೆ, ಹೋಟೆಲಿನವರಿಗೆ, ಮೇಷ್ಟ್ರುಗಳಿಗೆ, ಗೃಹಿಣಿಯರಿಗೆ ನನ್ನದೊಂದು ಕೋರಿಕೆ. ನಿಮಗೆ ಕನ್ನಡವೂ ಬರುತ್ತದೆ, ಮರಾಠಿ ಹಿಂದಿಯೂ ಬರುತ್ತದೆ. ನಿಮ್ಮ ಪರಿಚಯದ ಕೂಲಿಯವರು ಬಿದ್ದು ಆಸ್ಪತ್ರೆಗೆ ಹೋದರೆ, ಸಾಧ್ಯವಾದರೆ ಮೊದಲ ಗಂಟೆಯಲ್ಲೇ ಹೋಗಿ. ಹಣ್ಣು ಆಮೇಲೆ ಒಯ್ಯಬಹುದು. ಡಾಕ್ಟರರು "ಹೇಗೆ ಬಿದ್ದ, ಎಲ್ಲಿ ಬಿದ್ದ" ಎಂದು ಕೇಳುವಾಗ ಬಿದ್ದವನ ಮಾತನ್ನು ಇದ್ದ ಹಾಗೆ ಹೇಳುವವರು ಅಲ್ಲಿ ಒಬ್ಬರು ಬೇಕು. ಕಾಗದದಲ್ಲಿ ಕೆಲಸದ ಜಾಗ, ವೇಳೆ, ಬಿದ್ದ ಎತ್ತರ ಬರೆದಿದೆಯೇ ಎಂದು ಓದಿ ನೋಡಿ. ಜೊತೆ ಕೆಲಸದವರ ಹೆಸರು, ಫೋನ್ ನಂಬರು ಬರೆದುಕೊಳ್ಳಿ. ಈಗ ಎಲ್ಲರ ಕೈಯಲ್ಲೂ ಕ್ಯಾಮೆರಾ ಇದೆ, ಆ ಹಲಗೆಯ, ಆ ಗುಂಡಿಯ ಒಂದು ಚಿತ್ರ ತೆಗೆಯಲು ಹೇಳಿ. ಮರುದಿನಕ್ಕೆ ಹಲಗೆ ಅಲ್ಲಿರುವುದಿಲ್ಲ.

ನಿಮ್ಮ ಸೊಸೈಟಿಯ ಬಣ್ಣದ ಕೆಲಸ, ಗಚ್ಚಿಗೆ ನೀರು ಇಳಿಯದಂತೆ ಮಾಡುವ ಕೆಲಸ ನಡೆಯುವಾಗಲೂ ಒಮ್ಮೆ ಕಿಟಕಿಯಿಂದ ನೋಡಿ. ಹಗ್ಗದ ಮೇಲೆ ತೂಗುವವನಿಗೆ ಬೆಲ್ಟ್ ಇದೆಯೇ ಎಂದು ಎಲ್ಲರೂ ನೋಡುತ್ತಾರೆ. ಕೆಳಗೆ ಬಕೆಟ್ಟು ಹಿಡಿದು ಓಡಾಡುವವನ ಕಾಲಲ್ಲಿ ಏನಿದೆ ಎಂಬುದನ್ನೂ ನೋಡಿ, ಕಮಿಟಿಯ ಸಭೆಯಲ್ಲಿ ಗುತ್ತಿಗೆದಾರನಿಗೆ ಕೇಳಿ.

ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಕೊಟ್ಟ ಲೆಕ್ಕದಂತೆ ಜಗತ್ತಿನಲ್ಲಿ ಬಿದ್ದು ಸಾಯುವವರು ವರ್ಷಕ್ಕೆ ಸುಮಾರು 6,84,000 ಜನ. ಮನೆಯಲ್ಲಿ ಬಿದ್ದವರೂ, ಮುದುಕರೂ ಎಲ್ಲ ಸೇರಿ ಈ ಸಂಖ್ಯೆ. ನಮ್ಮ ಮಾವನಂತೆ ಬಿದ್ದು ಬದುಕಿ ಕೈ ಸೋತವರು ಇದರಲ್ಲಿಲ್ಲ.

ಮಾವ ಈಗ ಊರಲ್ಲಿ ಸಣ್ಣ ಕಿರಾಣಿ ಅಂಗಡಿ ಇಟ್ಟಿದ್ದಾರೆ. ತಕ್ಕಡಿಯನ್ನು ಬಲಗೈಯಲ್ಲಿ ಹಿಡಿಯುತ್ತಾರೆ, ಸಾಮಾನನ್ನು ಮೊಮ್ಮಗಳು ಹಾಕುತ್ತಾಳೆ. ಈ ಭಾಷಣ ಬರೆಯುವ ಮೊದಲು ಫೋನ್ ಮಾಡಿ, "ಮಾಮಾ, ನಿನ್ನ ವಿಷಯ ರೇಡಿಯೋದಾಗ ಹೇಳ್ಲೇನು?" ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಇಷ್ಟು ವರ್ಷಗಳಲ್ಲಿ ಅವರು ಆ ದಿನದ ಬಗ್ಗೆ "ಕಾಲ್ ಜಾರ್ತು" ಎಂಬುದರ ಆಚೆಗೆ ಒಂದು ಮಾತೂ ಆಡಿದವರಲ್ಲ.

"ನನ್ನ ಹೆಸರು ಹೇಳಬ್ಯಾಡ ಅಳಿಯಾ" ಅಂದರು. "ಆದ್ರ ಆ ಹಲಗಿ ಹಸಿ ಇತ್ತು ಅಂತ ಹೇಳು."